ಬುತ್ತಿಗಂಟಿನಿಂದ ಖಾನಾವಳಿಯವರೆಗೆ

ಬೆಂಗಳೂರಿನ ಬಡಾವಣೆಗಳಲ್ಲಿ ಭಾನುವಾರ ಸಂಜೆ ಮನೆಮಂದಿಯೆಲ್ಲ ಕೂಡಿ ಹತ್ತಿರದ ಇಟಾಲಿಯನ್ ರೆಸ್ಟೋರೆಂಟಿಗೆ ಹೋಗಿ ಪಿಜ್ಜಾ, ಪಾಸ್ತಾ ತಿಂದು ಬರುವುದು ಈಗ ಹೊಸ ಸಂಗತಿಯೇನಲ್ಲ. ಅಲ್ಲಿ ಹೊರಗೆ ಉಣ್ಣುವುದೆಂದರೆ ನಾಲಗೆಗೊಂದು ಬದಲಾವಣೆ, ಮನೆಯ ಹೆಂಗಸರಿಗೆ ಒಂದು ಹೊತ್ತಿನ ಬಿಡುವು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಟ್ಟಿಗೆ ಹೊರಗಿನ ಊಟದ ಚರಿತ್ರೆಯೇ ಬೇರೆ. ಇಲ್ಲಿ ಬಹುಕಾಲ ಮನೆಯ ಹೊರಗೆ ಉಣ್ಣುತ್ತಿದ್ದವರೆಂದರೆ ಜಾತ್ರೆಗೆ ಹೊರಟವರು, ಸಂತೆಗೆ ಬಂದವರು, ಕೋರ್ಟು ಕಚೇರಿಗೆ ಅಲೆಯುವವರು, ಗುಳೆ ಹೋಗುವವರು. ‘ಇವತ್ತು ಏನು ತಿನ್ನೋಣ’ ಎಂಬ ಪ್ರಶ್ನೆ ಅವರ ಮುಂದಿರಲಿಲ್ಲ. ‘ಯಾರ ಕೈದು ಉಣ್ಣಬೇಕು’ ಎಂಬುದೇ ಪ್ರಶ್ನೆಯಾಗಿತ್ತು.

ಈ ಪ್ರಶ್ನೆ ಸವೆಯುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಪೂರ್ತಿ ಸವೆದಿದೆ ಎನ್ನುವಂತೆಯೂ ಇಲ್ಲ. ರೈಲು, ಬರ, ಕಾನೂನು, ಗುಳೆ, ಮಂಡಕ್ಕಿ ಒಂದೊಂದೂ ಅದಕ್ಕೆ ತನ್ನ ಪಾಲು ಸಲ್ಲಿಸಿವೆ. ಮಂಡಕ್ಕಿಯ ಪಾಲು ಕಡಿಮೆಯದೇನಲ್ಲ.

ಮೊದಲು ಈ ಸೀಮೆಯ ನೆಲೆಯನ್ನು ಗಮನಿಸಬೇಕು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಐದೂ ಊರುಗಳು ಮದರಾಸಿನ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸ್ವಾತಂತ್ರ್ಯಕ್ಕೆ ಮುಂಚೆ ಹಡಗಲಿ ಕಡೆಯಿಂದ ತುಂಗಭದ್ರೆ ದಾಟಿದರೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಹರಪನಹಳ್ಳಿಯಿಂದ ಕೆಳಗಿಳಿದರೆ ಮೈಸೂರು ಸಂಸ್ಥಾನದ ದಾವಣಗೆರೆ. ಕೂಡ್ಲಿಗಿಯ ಮಗ್ಗುಲಲ್ಲಿ ಸಂಡೂರಿನ ಪುಟ್ಟ ಸಂಸ್ಥಾನ. ಹೊಸಪೇಟೆಯಿಂದಾಚೆ ಹೊಳೆಯ ಆ ದಡ ನಿಜಾಮರ ಸೀಮೆ. ಐದು ಆಡಳಿತಗಳು ಒಂದಕ್ಕೊಂದು ತಾಗುವ ಇಂಥ ಮೂಲೆ ಕನ್ನಡ ನಾಡಿನಲ್ಲಿ ಮತ್ತೊಂದು ಸಿಗುವುದು ಕಷ್ಟ. ಗಡಿ ಬದಲಾಗುವುದು ಇಲ್ಲಿಗೆ ಹೊಸದೂ ಅಲ್ಲ. ಹರಪನಹಳ್ಳಿಯೊಂದೇ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರ ಜೊತೆ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಧಾರವಾಡದ ಕಡೆಯ ಜೋಳದ ರೊಟ್ಟಿ, ದಾವಣಗೆರೆಯ ದೋಸೆ, ಮದರಾಸಿನ ಇಡ್ಲಿ-ಸಾಂಬಾರು ಮೂರೂ ಇಲ್ಲಿನ ಬಸ್ ನಿಲ್ದಾಣದ ಸುತ್ತ ನೂರು ಹೆಜ್ಜೆಯೊಳಗೆ ಸಿಗುವುದು ಈ ನೆಲೆಯ ಕಾರಣದಿಂದಲೇ.

ಕಲ್ಲಿನ ತಟ್ಟೆ, ಮಠದ ದಾಸೋಹ

ಇದೇ ಜಿಲ್ಲೆಯ ಹಂಪಿಯಲ್ಲಿ ಜನರು ‘ಭೋಜನಶಾಲೆ’ ಎಂದು ಕರೆಯುವ ಜಾಗವೊಂದಿದೆ. ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು. ಅನ್ನಕ್ಕೆ ದೊಡ್ಡ ತಗ್ಗು, ವ್ಯಂಜನಗಳಿಗೆ ಸುತ್ತ ಸಣ್ಣ ಸಣ್ಣ ತಗ್ಗು. ಉಂಡವರು ಎದ್ದ ಮೇಲೆ ತೊಳೆಯಲು ಕಾಲುವೆಯ ನೀರು ಕೈಯಳತೆಯಲ್ಲೇ ಇದೆ. ನೋಡಿದವರಿಗೆ ಇದು ಹಳೆಯ ಕಾಲದ ಹೋಟೆಲಿನಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಸಾಲು ಪಂಕ್ತಿಯ ಊಟಕ್ಕೂ ಹೋಟೆಲಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಪಂಕ್ತಿಯಲ್ಲಿ ಬಡಿಸುವವನು ದಾನಿ, ಉಣ್ಣುವವನು ಅತಿಥಿ. ಹೋಟೆಲಿನಲ್ಲಿ ಒಬ್ಬ ಮಾರುವವನು, ಇನ್ನೊಬ್ಬ ಗಿರಾಕಿ.

ಬೇಯಿಸಿದ ಅನ್ನವನ್ನು ದುಡ್ಡಿಗೆ ಮಾರುವುದು ಗೌರವದ ಕೆಲಸವೆಂದು ಬಹುಕಾಲ ಯಾರೂ ತಿಳಿದಿರಲಿಲ್ಲ. ಅನ್ನ ಕೊಡಬೇಕಾದುದು, ಮಾರಬೇಕಾದುದಲ್ಲ. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನ ಆ ಮಠವನ್ನು ಬಡವರು, ಕುಂಟರು, ಕುರುಡರು, ದಿಕ್ಕಿಲ್ಲದವರಿಗೆಲ್ಲ ಅನ್ನ ನೀಡುವ ಸ್ಥಳವೆಂದು ವರ್ಣಿಸುತ್ತದೆ. ಅದೇ ಶತಮಾನದಲ್ಲಿ ಶರಣರು ದಾಸೋಹಕ್ಕೆ ಹೊಸ ಅರ್ಥ ಕೊಟ್ಟರು. ಆ ಪರಂಪರೆ ಈ ಐದು ತಾಲ್ಲೂಕುಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಮಾಘ ಬಹುಳದಲ್ಲಿ, ಶಿವರಾತ್ರಿಗೆ ಕೆಲವೇ ದಿನ ಮುಂಚೆ ಕೊಟ್ಟೂರಿನ ಗುರು ಬಸವೇಶ್ವರ ಸ್ವಾಮಿಯ ತೇರು ಎಳೆಯುತ್ತಾರೆ. ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಸಾವಿರಾರು ಭಕ್ತರು ನಡೆದೇ ಬರುತ್ತಾರೆ. ದಾರಿಯುದ್ದಕ್ಕೂ ಊರಿನವರು ಶಾಮಿಯಾನ ಹಾಕಿ ಅವರನ್ನು ಕರೆದು ಕೂರಿಸಿ ಉಣಿಸುತ್ತಾರೆ. ಅಲ್ಲಿ ದುಡ್ಡಿನ ಮಾತಿಲ್ಲ. ಕೊಡಲು ಹೋದರೆ ಬೈಸಿಕೊಳ್ಳಬೇಕಾದೀತು.

ಹಡಗಲಿ ತಾಲ್ಲೂಕಿನ ಮೈಲಾರದ್ದು ಇನ್ನೊಂದು ರೀತಿ. ಭರತ ಹುಣ್ಣಿಮೆಯ ಜಾತ್ರೆಗೆ, ಕಾರಣಿಕ ಕೇಳುವುದಕ್ಕೆ ಬಂಡಿ ಕಟ್ಟಿಕೊಂಡು ಬರುವ ಕುಟುಂಬಗಳು ಹೊಳೆಯ ದಂಡೆಯಲ್ಲೇ ಬಿಡಾರ ಹೂಡಿ, ಮೂರು ಕಲ್ಲಿಟ್ಟು ಒಲೆ ಮಾಡಿ ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತವೆ. ಪರಸ್ಥಳದಲ್ಲೂ ತನ್ನ ಮನೆಯ ಒಲೆಯನ್ನೇ ಹೂಡುವ ಪದ್ಧತಿ ಇದು. ಒಲೆ ಹೂಡಲಾಗದವನ ಹೆಗಲಲ್ಲಿ ಬುತ್ತಿಗಂಟು ಇರುತ್ತಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಉಳ್ಳಾಗಡ್ಡಿ. ತಿಂಗಳೊಪ್ಪತ್ತು ಕೆಡದ ಊಟ. ಹೊಟ್ಟೆ ತುಂಬಿಸುವುದರ ಜೊತೆಗೆ ಜಾತಿಯನ್ನೂ ಅದು ಕಾಯುತ್ತಿತ್ತು.

ಹಾಗಾಗಿ ಮನೆ ಬಿಟ್ಟವನಿಗೆ ಇದ್ದ ದಾರಿ ಎರಡೇ. ಒಂದೋ ಕಟ್ಟಿಕೊಂಡು ಹೋದದ್ದನ್ನು ತಿನ್ನಬೇಕು, ಇಲ್ಲವೇ ಮಠ-ಛತ್ರಗಳಲ್ಲಿ ಕೊಟ್ಟದ್ದನ್ನು ಉಣ್ಣಬೇಕು. ಛತ್ರಗಳಲ್ಲಿಯೂ ಎಲ್ಲರಿಗೂ ಒಂದೇ ಪಂಕ್ತಿ ಇರಲಿಲ್ಲ. ದುಡ್ಡು ಕೊಟ್ಟು ಉಣ್ಣುವ ಮೂರನೆಯ ದಾರಿ ತೆರೆದದ್ದು ರೈಲು ಬಂದ ಮೇಲೆ.

ಬರದ ಹಿಂದೆ ಬಂದ ರೈಲು

ರೈಲಿನ ಬೆನ್ನ ಹಿಂದೆ ಒಂದು ದೊಡ್ಡ ಹಸಿವಿನ ಕತೆಯಿದೆ. 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಬರಕ್ಕೆ ಅತಿ ಹೆಚ್ಚು ತುತ್ತಾದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸರ್ಕಾರದ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆದವರಿಗೆ, 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಗೆ ಇಳಿಯಿತು. ಅಂದರೆ ಅರ್ಧ ಕಿಲೋಗೂ ಕಡಿಮೆ. ದುಡಿಯಲಾಗದವರಿಗೆ ಗಂಜಿ ಕೇಂದ್ರಗಳು. ಜಾತಿ ಕೆಟ್ಟೀತೆಂಬ ಅಂಜಿಕೆಯಿಂದ, ಬೇಯಿಸಿದ ಗಂಜಿಗೆ ಕೈಯೊಡ್ಡಲು ಹಿಂಜರಿದವರಿದ್ದರೆಂಬುದು ಅಂದಿನ ಆಡಳಿತದ ಬರವಣಿಗೆಗಳಲ್ಲೇ ಕಾಣುತ್ತದೆ. ಪ್ರಾಣ ಹೋಗುವ ಹೊತ್ತಿನಲ್ಲೂ ‘ಯಾರ ಕೈದು’ ಎಂಬ ಪ್ರಶ್ನೆ ಬಿಡಲಿಲ್ಲವೆಂದರೆ ಅದರ ಬೇರು ಎಷ್ಟು ಆಳಕ್ಕೆ ಹೋಗಿತ್ತೆಂದು ಊಹಿಸಬಹುದು.

ಧಾನ್ಯವಿದ್ದರೂ ಹಳ್ಳಿಗಳಿಗೆ ಸಾಗಿಸಲು ದಾರಿಯಿಲ್ಲದ್ದು ಆ ಬರದ ಒಂದು ಪಾಠ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಗದಗು, ಹೊಸಪೇಟೆ, ಬಳ್ಳಾರಿಗಳನ್ನು ಜೋಡಿಸಿತು. ಅದರ ಕವಲೊಂದು 1905ರಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ ಮಾರ್ಗವಾಗಿ ಕೊಟ್ಟೂರಿಗೆ ಬಂತು. ಸುಮಾರು 70 ಕಿಲೋಮೀಟರಿನ ಮೀಟರ್ ಗೇಜ್ ಹಾದಿ. ಮುಂದೆ ಹಳಿಯಿಲ್ಲ. ಹರಪನಹಳ್ಳಿ ಮೂಲಕ ಹರಿಹರಕ್ಕೆ ಕೂಡುವ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಿದ್ದು ತೀರಾ ಇತ್ತೀಚೆಗೆ. ಅಂದರೆ ಒಂದು ಶತಮಾನಕ್ಕೂ ಮೀರಿ ಕೊಟ್ಟೂರು ಕೊನೆಯ ನಿಲ್ದಾಣವಾಗಿಯೇ ಉಳಿಯಿತು.

ಕೊನೆಯ ನಿಲ್ದಾಣದ ಊರಿಗೆ ಒಂದು ಗುಣವಿರುತ್ತದೆ. ಅಲ್ಲಿ ಎಲ್ಲರೂ ಇಳಿಯಲೇಬೇಕು, ಮುಂದಿನ ಊರಿಗೆ ಬಂಡಿಯೋ ಬಸ್ಸೋ ಸಿಗುವವರೆಗೆ ಕಾಯಬೇಕು. ಶೇಂಗಾ, ಹತ್ತಿ, ಜೋಳದ ಚೀಲ ಹೇರಿಕೊಂಡು ಬಂದ ರೈತನೂ ಹಮಾಲನೂ ದಲಾಲಿಯೂ ಕಾಯುವುದು ಒಂದೇ ಅಂಗಳದಲ್ಲಿ. ಕಾಯುವವರಿಗೆ ಚಹಾ ಬೇಕು, ಚಹಾದ ಜೊತೆ ಕರುಕುರು ಏನಾದರೂ ಬೇಕು. ಪೇಟೆಯ ಊರುಗಳಲ್ಲಿ ಚಾದಂಗಡಿಗಳು ಬೆಳೆದದ್ದು ಇಂಥ ಕಾಯುವಿಕೆಯ ಮೇಲೆ.

ಮುಸುರೆಯಾಗದ ಮಂಡಕ್ಕಿ

ಈ ಭಾಗದಲ್ಲಿ ಯಾರನ್ನೇ ಕೇಳಿ, ಕೊಟ್ಟೂರೆಂದರೆ ಮೊದಲು ಸ್ವಾಮಿ, ಆಮೇಲೆ ಮಿರ್ಚಿ-ಮಂಡಕ್ಕಿ. ಬಳ್ಳಾರಿ, ಹೊಸಪೇಟೆಗಳಲ್ಲಿ ಒಗ್ಗರಣೆ-ಮಿರ್ಚಿಯಿಲ್ಲದೆ ಬೆಳಗು ಹರಿಯುವುದಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಬಡಾವಣೆಯಿದೆ. ಬತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಚಿಮುಕಿಸಿ, ಕಾದ ಮರಳಿನಲ್ಲಿ ಹಾಕಿದರೆ ಒಳಗಿನ ತೇವ ಆವಿಯಾಗಿ ಕಾಳನ್ನು ಉಬ್ಬಿಸುತ್ತದೆ. ಹಿಡಿ ಅಕ್ಕಿ ಮೊರ ತುಂಬುತ್ತದೆ. ಬಡವರ ಹೊಟ್ಟೆಗೆ ಇಷ್ಟು ಅಗ್ಗದಲ್ಲಿ ಇಷ್ಟು ತುಂಬಿದಂತೆ ಕಾಣುವ ತಿನಿಸು ಮತ್ತೊಂದಿಲ್ಲ.

ಆದರೆ ಅಗ್ಗವೊಂದೇ ಕಾರಣವಲ್ಲ. ಮಡಿ-ಮೈಲಿಗೆಯ ಲೆಕ್ಕದಲ್ಲಿ ನೀರಿನಲ್ಲಿ ಬೆಂದ ಅನ್ನ ‘ಮುಸುರೆ’. ಮುಟ್ಟಿದರೆ ಕೈ ತೊಳೆಯಬೇಕು, ಅನ್ಯರ ಕೈಯಿಂದ ತೆಗೆದುಕೊಳ್ಳಬಾರದು. ಹುರಿದದ್ದು, ಕರಿದದ್ದು, ಒಣಗಿದ್ದು ಅಷ್ಟು ಕಟ್ಟುನಿಟ್ಟಿಗೆ ಒಳಪಡುವುದಿಲ್ಲ. ಅವಲಕ್ಕಿ, ಅರಳು, ಮಂಡಕ್ಕಿಗಳು ಮುಸುರೆಯಲ್ಲ. ಹೀಗಾಗಿ ಭಟ್ಟಿಯಲ್ಲಿ ದುಡಿಯುವವರು ಯಾರು, ದಾವಣಗೆರೆಯಲ್ಲಿರುವಂತೆ ಬಹುಪಾಲು ಮುಸ್ಲಿಮರೇ ಎಂದು ಯಾರೂ ಕೇಳಲಿಲ್ಲ. ಅನ್ಯರ ಮನೆಯ ಅನ್ನ ಮುಟ್ಟದ ಕೈಗಳು ಸಂತೆಯ ಮಂಡಕ್ಕಿಗೆ ಧಾರಾಳವಾಗಿ ಚಾಚಿದವು. ಜಾತಿಯ ಬೇಲಿಯಲ್ಲಿ ಒಂದು ಕಿಂಡಿ ಇತ್ತು. ಮಂಡಕ್ಕಿ ಸದ್ದಿಲ್ಲದೆ ಅದರಲ್ಲಿ ನುಸುಳಿತು. ಮುಂದೆ ಅದೇ ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಉಳ್ಳಾಗಡ್ಡಿ-ಹುಣಸೆಹುಳಿಯ ಒಗ್ಗರಣೆಗೆ ಹಾಕಿ ಕೊಟ್ಟಾಗ ಮುಸುರೆಯ ಮಾತು ಯಾರ ನೆನಪಿಗೂ ಬರಲಿಲ್ಲ. ಸುಧಾರಕರ ಭಾಷಣಗಳಷ್ಟೇ ಕೆಲಸವನ್ನು ಈ ಒಗ್ಗರಣೆಯೂ ಮಾಡಿದೆ ಎಂದರೆ ತಪ್ಪಾಗಲಾರದು.

ಮಂಡಕ್ಕಿಯ ಜೊತೆಗಾರ ಮಿರ್ಚಿಯದು ಇನ್ನೂ ದೂರದ ಪ್ರಯಾಣ. 1420ರ ಸುಮಾರಿಗೆ ವೆನಿಸ್ಸಿನ ನಿಕೊಲೊ ಕೊಂಟಿ ವಿಜಯನಗರಕ್ಕೆ ಬಂದಿದ್ದ. ಈ ಸೀಮೆಯನ್ನು ಕಂಡು ವಿವರ ಬಿಟ್ಟುಹೋದ ಮೊದಲ ಇಟಲಿಯವರಲ್ಲಿ ಅವನೊಬ್ಬ. ಅವನು ನೋಡಿದ ವಿಜಯನಗರದಲ್ಲಿ ಮೆಣಸಿನಕಾಯಿ ಇರಲಿಲ್ಲ. ಅವನು ಬಿಟ್ಟು ಬಂದ ಇಟಲಿಯಲ್ಲಿ ಟೊಮ್ಯಾಟೊ ಇರಲಿಲ್ಲ. ಎರಡೂ ಅಮೆರಿಕ ಖಂಡದ ಬೆಳೆಗಳು. ಕೊಲಂಬಸನು 1492ರಲ್ಲಿ ಆ ದಾರಿ ತೆರೆದ ಮೇಲೆ ಒಂದು ಯುರೋಪಿಗೆ ಹೋಗಿ ಪಿಜ್ಜಾದ ಮೇಲೆ ಕೂತಿತು, ಇನ್ನೊಂದು ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಇಳಿದು ಘಟ್ಟ ಹತ್ತಿತು. ಕರಿಮೆಣಸಿನ ಹೆಸರನ್ನೇ ಕಿತ್ತುಕೊಂಡು ‘ಮೆಣಸಿನಕಾಯಿ’ ಆಯಿತು. ಮಿರ್ಚಿ ಕರಿಯುವ ಎಣ್ಣೆಯ ಶೇಂಗಾ ಕೂಡ ಅದೇ ಖಂಡದ್ದು. ಕೂಡ್ಲಿಗಿ, ಹರಪನಹಳ್ಳಿಗಳ ಮಸಾರಿ ಹೊಲಗಳಲ್ಲಿ ಅದು ಎಷ್ಟು ಒಗ್ಗಿತೆಂದರೆ ಶೇಂಗಾ ಇಲ್ಲದ ಊಟವನ್ನು ಇಲ್ಲಿನವರು ನೆನೆಸಿಕೊಳ್ಳಲಾರರು. ಕಡಲೆಹಿಟ್ಟೊಂದು ನಮ್ಮದು. ಪಿಜ್ಜಾ ಪರದೇಶದ್ದು, ಮಿರ್ಚಿ ನಮ್ಮದು ಎಂದು ವಾದಕ್ಕಿಳಿಯುವವರು ಈ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳಬೇಕು.

ಬೆಂಚಿನ ಮೇಲೆ ಯಾರು, ಹೊರಗೆ ಯಾರು

ಇಡೀ ಊಟವನ್ನೇ ದುಡ್ಡಿಗೆ ಮಾರಬೇಕಾದರೆ ಮಂಡಕ್ಕಿಯ ಉಪಾಯ ನಡೆಯುವುದಿಲ್ಲ, ಅನ್ನ ಮುಸುರೆಯೇ. ಈ ಕಗ್ಗಂಟಿಗೆ ಉಡುಪಿ ಕಡೆಯವರು ತಂದ ಪರಿಹಾರ ಸರಳ. ಅಡುಗೆಯವ ಬ್ರಾಹ್ಮಣನಾದರೆ ಆ ಅನ್ನವನ್ನು ಎಲ್ಲ ಜಾತಿಯವರೂ ಉಣ್ಣಬಹುದು. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾದ, ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲಿನ ಮೊದಲ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಅಂದಿನ ಗಿರಾಕಿಗೆ ಅದು ಅಡುಗೆಯವನ ಗುರುತಿನ ಚೀಟಿಯಾಗಿತ್ತು. ಅಡುಗೆಮನೆಯ ಸಮಸ್ಯೆ ಹೀಗೆ ಬಗೆಹರಿದರೂ ಪಂಕ್ತಿಯ ಸಮಸ್ಯೆ ಉಳಿಯಿತು. ಮದರಾಸು ಪ್ರಾಂತ್ಯದ ಹೋಟೆಲುಗಳಲ್ಲಿ, ರೈಲ್ವೆಯ ಉಪಾಹಾರ ಗೃಹಗಳಲ್ಲಿ ಕೂಡ, ಬ್ರಾಹ್ಮಣರಿಗೆ ಬೇರೆ ಜಾಗ, ಇತರರಿಗೆ ಬೇರೆ ಜಾಗ ಇರುತ್ತಿತ್ತು.

ಇತರರೆಂದರೆ ಎಲ್ಲರೂ ಅಲ್ಲ. ದಲಿತರಿಗೆ ಬೆಂಚೇ ಇರಲಿಲ್ಲ. ಹಳ್ಳಿಗಾಡಿನ ಚಾದಂಗಡಿಗಳಲ್ಲಿ ಅವರಿಗೆ ಬೇರೆ ಲೋಟ, ಕೆಲವೆಡೆ ತೆಂಗಿನ ಚಿಪ್ಪು. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಲೋಟವನ್ನು ತಾವೇ ತೆಗೆದು, ಮೇಲಿನಿಂದ ಹೊಯ್ದ ಚಹಾ ಕುಡಿದು, ತಾವೇ ತೊಳೆದು ಮತ್ತೆ ಅಲ್ಲೇ ಇಡಬೇಕು. ಕೊಡುವ ಕಾಸು ಮಾತ್ರ ಎಲ್ಲರಷ್ಟೇ. ಮಾರುವವನು-ಗಿರಾಕಿ ಎಂಬ ಸಂಬಂಧ ಸಮಾನವಾದುದು ಎನ್ನುವ ಮಾತು ಇಲ್ಲಿ ಬಿದ್ದುಹೋಗುತ್ತದೆ. ಊರಿನಿಂದ ಊರಿಗೆ ನಡೆದು ಬಂದು, ಬಿಸಿಲಲ್ಲಿ ನಿಂತು, ಒಳಗಿನ ಖಾಲಿ ಬೆಂಚನ್ನು ನೋಡುತ್ತ ಚಹಾ ಕುಡಿದವರ ಕಣ್ಣಿನಿಂದ ಈ ಚರಿತ್ರೆಯನ್ನು ಯಾರೂ ಬರೆದಿಟ್ಟದ್ದು ಕಡಿಮೆ.

ನೆರೆಯ ಸಂಡೂರಿನಲ್ಲಿ ಅಲ್ಲಿನ ಅರಸರು ಕುಮಾರಸ್ವಾಮಿ ದೇವಸ್ಥಾನವನ್ನು ದಲಿತರಿಗೆ ತೆರೆದದ್ದು 1932ರಲ್ಲಿ. ಹರಿಜನೋದ್ಧಾರದ ಪ್ರವಾಸದಲ್ಲಿ 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದು ಮೆಚ್ಚಿ ಹೋದರು. ಗಾಂಧೀಜಿಯ ಚಿತಾಭಸ್ಮವನ್ನಿಟ್ಟ ಸ್ಮಾರಕ ಕೂಡ್ಲಿಗಿಯಲ್ಲಿದೆ. ಆದರೂ ದೇವರ ಗುಡಿಯ ಬಾಗಿಲು ತೆರೆದಷ್ಟು ಬೇಗ ಚಾದಂಗಡಿಯ ಬಾಗಿಲು ತೆರೆಯಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ 15ನೆಯ ವಿಧಿಯಲ್ಲಿ ಹೋಟೆಲು, ಅಂಗಡಿ, ಬಾವಿ, ಕೆರೆಗಳನ್ನು ಹೆಸರಿಸಿಯೇ ಭೇದ ಮಾಡಕೂಡದೆಂದಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಒಂದು ದೇಶದ ಸಂವಿಧಾನ ಹೋಟೆಲನ್ನು ಪ್ರತ್ಯೇಕವಾಗಿ ನೆನೆಯಬೇಕಾಗಿ ಬಂತೆಂದರೆ ಅಲ್ಲಿ ನಡೆಯುತ್ತಿದ್ದುದು ಸಣ್ಣ ವಿಷಯವಾಗಿರಲಿಲ್ಲ. 1955ರಲ್ಲಿ ಶಿಕ್ಷೆ ವಿಧಿಸುವ ಕಾಯ್ದೆ ಬಂತು, 1976ರಲ್ಲಿ ಅದನ್ನು ಬಿಗಿಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಕರೆದರು. ಅದೇ ದಶಕದಲ್ಲಿ ಹರಿಹರದಲ್ಲಿ ಹುಟ್ಟಿದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆದು, ಹೋಟೆಲು, ಕ್ಷೌರದಂಗಡಿ, ದೇವಸ್ಥಾನಗಳ ಪ್ರವೇಶದ ಪ್ರಶ್ನೆಯನ್ನು ಹಳ್ಳಿಹಳ್ಳಿಗೆ ಒಯ್ದಿತು. ಕಾನೂನು ಪುಸ್ತಕದಲ್ಲಿದ್ದುದನ್ನು ಬೆಂಚಿನ ಮೇಲೆ ಕೂತು ಜಾರಿ ಮಾಡಿದವರು ಆ ಹುಡುಗರು. ಸೂರಿನ ಲೋಟ ಹೋಗಿ ಸ್ಟೀಲಿನ ಲೋಟ, ಅದು ಹೋಗಿ ಪ್ಲಾಸ್ಟಿಕ್ಕಿನದು, ಆಮೇಲೆ ಕಾಗದದ್ದು ಬಂತು. ಒಮ್ಮೆ ಕುಡಿದು ಎಸೆಯುವ ಲೋಟ ಎಲ್ಲರಿಗೂ ಒಂದೇ ಎಂಬ ಸಮಾಧಾನವೊಂದು ಕಡೆ. ಎಂಜಲಿನ ಪ್ರಶ್ನೆಯನ್ನು ಎದುರಿಸದೆ ತಪ್ಪಿಸಿಕೊಳ್ಳಲು ಅದೊಂದು ನೆಪವೂ ಆಯಿತು.

ರೊಟ್ಟಿ ಬಡಿಯುವ ಕೈ

ಉಡುಪಿ ಹೋಟೆಲು ಗಂಡಸರದ್ದಾದರೆ ಖಾನಾವಳಿ ಮುಖ್ಯವಾಗಿ ಹೆಂಗಸರದ್ದು. ಈ ಹೆಸರೂ ವ್ಯವಸ್ಥೆಯೂ ಮರಾಠಿಯ ಕಡೆಯಿಂದ, ಹೊಳೆಯಾಚೆಯ ಮುಂಬೈ ಪ್ರಾಂತ್ಯದ ದಾರಿಯಲ್ಲಿ ಬಂದದ್ದು. ಮುಂಬೈಯ ಬಟ್ಟೆ ಗಿರಣಿಗಳಿಗೆ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರಿಗೆ ಚಾಳುಗಳ ಹೆಂಗಸರು ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ಎಷ್ಟು ದುಡಿದರೂ ಲೇವಾದೇವಿಯವರ ಸಾಲ ತೀರದ ಆ ಹೆಂಗಸರನ್ನು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಗ್ಗೂಡಿಸಿದರು. ಗದಗು, ಹುಬ್ಬಳ್ಳಿ, ದಾವಣಗೆರೆಗಳಂಥ ಗಿರಣಿ-ವ್ಯಾಪಾರದ ಊರುಗಳಲ್ಲಿ, ಆಮೇಲೆ ತಾಲ್ಲೂಕು ಕೇಂದ್ರಗಳಲ್ಲಿ ಖಾನಾವಳಿಗಳು ಎದ್ದದ್ದು ಇದೇ ಅಗತ್ಯದಿಂದ. ವರ್ಗವಾಗಿ ಬಂದ ಗುಮಾಸ್ತ, ಮೇಷ್ಟ್ರು, ಕಾಲೇಜಿನ ಹುಡುಗ, ಕೋರ್ಟಿನ ವಾಯಿದೆಗೆ ಬಂದ ಕಕ್ಷಿದಾರ ಅದರ ಗಿ‌ರಾಕಿಗಳು. ಗೋಡೆಯ ಮೇಲೆ ಬಸವಣ್ಣನ ಇಲ್ಲವೇ ಊರಿನ ಸ್ವಾಮಿಯ ಪಟ, ಬಾಗಿಲ ಮೇಲೆ ಲಿಂಗಾಯತ ಖಾನಾವಳಿ ಎಂದೋ ಮರಾಠಾ ಖಾನಾವಳಿ ಎಂದೋ ಬೋರ್ಡು. ಹೊಸಬನ ಪ್ರಶ್ನೆಗೆ ಬೋರ್ಡೇ ಉತ್ತರ ಹೇಳುತ್ತಿತ್ತು.

ಖಾನಾವಳಿ ಚಿಕ್ಕದಾಗಿಯೇ ಉಳಿದದ್ದಕ್ಕೆ ಜೋಳದ ಸ್ವಭಾವವೂ ಕಾರಣ. ಗೋದಿಯಲ್ಲಿರುವ, ಹಿಟ್ಟನ್ನು ಹಿಗ್ಗಿಸುವ ಅಂಟು ಜೋಳದಲ್ಲಿಲ್ಲ. ಆದ್ದರಿಂದ ಗೋದಿಯಂತೆ ಮುಂಚೆಯೇ ನಾದಿಟ್ಟು ಬೇಕಾದಾಗ ಲಟ್ಟಿಸುವುದು ಕಷ್ಟ. ಕುದಿಯುವ ನೀರಿಗೆ ಹಿಟ್ಟು ಹಾಕಿ, ಬಿಸಿಯಿರುವಾಗಲೇ ಮಿದ್ದು, ಅಂಗೈಯಲ್ಲಿ ತಟ್ಟಿ, ನೀರು ಸವರಿ ಹೆಂಚಿನ ಮೇಲೆ ಹಾಕಬೇಕು. ಉಬ್ಬಿದ ತಕ್ಷಣ ತಟ್ಟೆಗೆ ಬಂದರೆ ಮಾತ್ರ ರುಚಿ. ಹೀಗಾಗಿ ಒಂದು ಖಾನಾವಳಿಯ ದೊಡ್ಡಸ್ತಿಕೆಯನ್ನು ಅಳೆಯುವುದು ಕುರ್ಚಿಗಳಿಂದಲ್ಲ, ಒಳಗೆ ರೊಟ್ಟಿ ಬಡಿಯುವ ಕೈಗಳಿಂದ. ಹೊರಗೆ ಕೂತವರು ‘ಇನ್ನೊಂದು ರೊಟ್ಟಿ ಹಾಕ್ರಿ ಯವ್ವಾ’ ಎಂದು ಕೂಗುವುದೂ ಒಳಗಿನಿಂದ ಬರುವ ಪಟಪಟ ಸದ್ದೂ ಒಂದೇ ಲಯದಲ್ಲಿ ಸಾಗುತ್ತವೆ. ಆ ಕೈಗಳು ಗಂಡ ತೀರಿದವರದ್ದು, ಬಿಟ್ಟುಹೋದವರದ್ದು, ಹೊಲ ಇಲ್ಲದವರದ್ದು. ಬೇರೆ ಯಾವ ಬಂಡವಾಳವೂ ಇಲ್ಲದವರಿಗೆ ರೊಟ್ಟಿ ಬಡಿಯುವ ವಿದ್ಯೆಯೊಂದೇ ಬಂಡವಾಳವಾಯಿತು. ಒಲೆಯ ಮುಂದೆ ದಿನವಿಡೀ ಕೂತು ಹೊಗೆ ಕುಡಿದವರ ಹೆಸರು ಬೋರ್ಡಿನ ಮೇಲೆ ಬಂದದ್ದು ಅಪರೂಪ.

ದಾವಣಗೆರೆಯ ಬೆಣ್ಣೆದೋಸೆಯ ಬಗ್ಗೆ ಹೇಳುವ ಕತೆಯೂ ಇದನ್ನೇ ನೆನಪಿಸುತ್ತದೆ. 1928ರಲ್ಲಿ ಬೆಳಗಾವಿ ಕಡೆಯ ಬಿದಕಿಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚನ್ನಮ್ಮ ಎಂಬಾಕೆ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹಾಕಲು ತೊಡಗಿದರಂತೆ. ಮುಂದೆ ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ ಬಂದು, ಅದರ ಮೇಲೆ ಬೆಣ್ಣೆ ಬಿತ್ತಂತೆ. ಊರು ಬಿಟ್ಟು ಬಂದ ಹೆಂಗಸೊಬ್ಬಳ ಒಲೆಯಿಂದ ಒಂದು ಊರಿನ ಹೆಸರು ಮೇಲೆದ್ದ ಉದಾಹರಣೆಯಿದು.

ನ್ಯೂಯಾರ್ಕಿನ ಖಾನಾವಳಿ

ಈಗ ಮತ್ತೆ ಇಟಾಲಿಯನ್ ರೆಸ್ಟೋರೆಂಟಿನ ಮಾತಿಗೆ ಬರಬಹುದು. ಇಂದು ಲೋಕದ ತುಂಬ ಹರಡಿರುವ ಆ ಬಡಾವಣೆಯ ಊಟದ ಮನೆ ಬಹುಮಟ್ಟಿಗೆ ಒಂದು ಖಾನಾವಳಿಯೇ. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಲಿಯವರು ಅಮೆರಿಕಕ್ಕೆ ಹೋದರು. ಹೆಚ್ಚಿನವರು ದಕ್ಷಿಣ ಇಟಲಿಯ ಬಡ ರೈತರು, ಕೂಲಿಗಳು. ಬಹಳಷ್ಟು ಜನ ಹೆಂಡತಿ ಮಕ್ಕಳನ್ನು ಬಿಟ್ಟು ಒಂಟಿಯಾಗಿ ಹೋದ ಗಂಡಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗುಳೆ ಹೋದವರು. ಅವರನ್ನು ಬಾಡಿಗೆಗಿಟ್ಟುಕೊಂಡ ಮನೆಗಳ ಹೆಂಗಸರು ಅಡುಗೆ ಮಾಡಿ ಬಡಿಸಿದರು. ಅಂಥ ಮನೆಯೂಟಗಳಲ್ಲಿ ಕೆಲವು ಬೆಳೆದು ಊಟದ ಮನೆಗಳಾದವು. ನ್ಯೂಯಾರ್ಕಿನಲ್ಲಿ ಲೊಂಬಾರ್ಡಿ ಎಂಬುವರ ಪಿಜ್ಜಾ ಅಂಗಡಿ 1905ರದ್ದೆಂದು ಹೇಳುತ್ತಾರೆ. ಕೊಟ್ಟೂರಿಗೆ ರೈಲು ಬಂದದ್ದೂ ಅದೇ ವರ್ಷ ಎಂಬುದು ಬರೀ ಕಾಕತಾಳೀಯ.

ಕಾಕತಾಳೀಯವಲ್ಲದ ಇನ್ನೊಂದು ಸಂಗತಿಯಿದೆ. ಊರು ಬಿಡುವ ಮುಂಚೆ ಅವರು ತಮ್ಮನ್ನು ಇಟಲಿಯವರೆಂದು ಕರೆದುಕೊಂಡದ್ದು ಕಡಿಮೆ. ನೇಪಲ್ಸಿನವರು, ಸಿಸಿಲಿಯವರು ಎಂದೇ ಹೇಳಿಕೊಳ್ಳುತ್ತಿದ್ದರು. ‘ಇಟಾಲಿಯನ್ ಊಟ’ ಎಂಬ ಒಂದೇ ಹೆಸರು ಗಟ್ಟಿಯಾದದ್ದು ಪರದೇಶದಲ್ಲಿ. ‘ಉತ್ತರ ಕರ್ನಾಟಕ ಶೈಲಿಯ ಊಟ’ದ ಕತೆಯೂ ಹೀಗೆಯೇ. ಕೂಡ್ಲಿಗಿಯಲ್ಲಾಗಲಿ ಹಡಗಲಿಯಲ್ಲಾಗಲಿ ಯಾರೂ ಹಾಗೆನ್ನುವುದಿಲ್ಲ. ಅಲ್ಲಿ ಅದು ಬರೀ ಊಟ. ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕುಗಳ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಂಡ್ಯದ ಕಬ್ಬಿನ ಗದ್ದೆಗೆ, ಮಲೆನಾಡಿನ ಕಾಫಿ ತೋಟಕ್ಕೆ ಹೊರಡುತ್ತಾರೆ. ಓದಿದ ಹುಡುಗರು ಕೆಲಸ ಹುಡುಕಿ ಅದೇ ಬೆಂಗಳೂರಿಗೆ ಹೋಗುತ್ತಾರೆ. ಅವರ ಹಿಂದೆಯೇ ರೊಟ್ಟಿಯ ಖಾನಾವಳಿಗಳೂ ಹೋದವು, ಮಿರ್ಚಿ ಬಂಡಿಗಳೂ ಹೋದವು. ಬೋರ್ಡಿನ ಮೇಲೆ ‘ಉತ್ತರ ಕರ್ನಾಟಕ’ ಎಂಬ ಹೆಸರು ಬಂದದ್ದು ಅಲ್ಲಿ. ಕಟ್ಟಡದ ಕೂಲಿಗೆ ಆ ಖಾನಾವಳಿಯ ಊಟವೂ ದುಬಾರಿಯೇ. 2017ರ ಆಗಸ್ಟಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಾಗ ಸಾಲಿನಲ್ಲಿ ನಿಂತವರಲ್ಲಿ ಇಂಥವರೂ ಇದ್ದರು. ಅಲ್ಲಿ ಅಡುಗೆಯವರು ಯಾರೆಂದು ಸಾಲಿನಲ್ಲಿ ಯಾರೂ ಕೇಳುವುದಿಲ್ಲ.

ಇತ್ತ ಇಟಲಿಯ ಊಟವೂ ಈ ಸೀಮೆಗೆ ಬಂದೇ ಬಂತು. ಹಂಪಿಯ ಎದುರು ದಡದ ವಿರೂಪಾಪುರಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರಿಗಾಗಿ ಎದ್ದ ಗುಡಿಸಲು ಹೋಟೆಲುಗಳಲ್ಲಿ ಪಿಜ್ಜಾ, ಪಾಸ್ತಾ ಸಿಗುತ್ತಿದ್ದವು. ಇಸ್ರೇಲಿನವರಿಗಾಗಿ ಹೀಬ್ರೂ ಭಾಷೆಯ ತಿಂಡಿಪಟ್ಟಿಯೂ ಇತ್ತು. ನೆಲಕ್ಕೆ ಹಾಸಿದ ಹಾಸಿಗೆಯ ಮೇಲೆ ಒರಗಿ, ಗದ್ದೆ ಮತ್ತು ಬಂಡೆಗಳನ್ನು ನೋಡುತ್ತ ಉಣ್ಣುವ ಆ ಹೊಸ ಪಂಕ್ತಿಗೆ ಬಡಿಸುತ್ತಿದ್ದವರಲ್ಲಿ ಸುತ್ತಲಿನ ಹಳ್ಳಿಯ ಹುಡುಗರೂ ಇದ್ದರು. ಪಾರಂಪರಿಕ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದ್ದೆಂದು ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟ ಮೇಲೆ ಮಾರ್ಚಿನಲ್ಲಿ ಅವುಗಳನ್ನು ನೆಲಸಮ ಮಾಡಿದರು. ಅಲ್ಲಿ ದುಡಿದವರು ಬೇರೆ ಊರುಗಳ ಕಡೆ ಮುಖ ಮಾಡಬೇಕಾಯಿತು.

ಇನ್ನು ‘ಯಾರ ಕೈದು’ ಎಂಬ ಹಳೆಯ ಪ್ರಶ್ನೆ. 2002ರಲ್ಲಿ ಬಳ್ಳಾರಿಯೂ ಸೇರಿದಂತೆ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಶಾಲೆಯ ಬಿಸಿಯೂಟಕ್ಕೆ ಸರ್ಕಾರ ‘ಅಕ್ಷರ ದಾಸೋಹ’ ಎಂಬ ಹೆಸರಿಟ್ಟಿತು. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು, ಒಂದೇ ಪಾತ್ರೆಯ ಅನ್ನ ಉಣ್ಣುತ್ತಾರೆ. ಹಾಗಿದ್ದೂ ರಾಜ್ಯದ ಕೆಲವೆಡೆ, ಅಡುಗೆಯವರು ದಲಿತರೆಂಬ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಕೂರಿಸದ ತಂದೆ-ತಾಯಿಗಳ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದೇ ತಂದೆ-ತಾಯಿಗಳು ಪೇಟೆಗೆ ಹೋದಾಗ ಹೋಟೆಲಿನ ಅಡುಗೆಮನೆಗೆ ಇಣುಕಿ ನೋಡುವುದಿಲ್ಲ. ತಾಲ್ಲೂಕು ಕೇಂದ್ರಗಳ ಖಾನಾವಳಿಗಳಲ್ಲಿ ಈಗ ರೊಟ್ಟಿ ಬಡಿಯುವವರ ಜಾತಿ ಕೇಳಿ ಒಳಗೆ ಬರುವ ಗಿರಾಕಿ ಕಡಿಮೆ. ಹೊಸದಾಗಿ ಬರೆಸಿದ ಬೋರ್ಡುಗಳಲ್ಲಿ ಜಾತಿಯ ಹೆಸರೂ ಕಡಿಮೆಯಾಗುತ್ತಿದೆ. ಅದಿದ್ದ ಜಾಗದಲ್ಲಿ ಹಲವು ಕಡೆ ಹಸಿರು ಅಕ್ಷರಗಳಲ್ಲಿ ‘ಶುದ್ಧ ಸಸ್ಯಾಹಾರಿ’ ಎಂದು ಬರೆದಿರುತ್ತದೆ.